ಸಾಲಿ ಸಮಿತಿಗೆ ಸೇರೋದು ಹೆಂಗ? ಎಸ್‌ಡಿಎಂಸಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿಯವಳು. ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಮಗಳು ಓದುತ್ತಿದ್ದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ ಮೂರು ವರ್ಷ ಸದಸ್ಯೆಯಾಗಿದ್ದೆ. ಬ್ಲೌಸ್ ಹೊಲಿಸಲು ಬರುವ ಹೆಣ್ಣುಮಕ್ಕಳು ಅಳತೆ ಕೊಟ್ಟು ಎದ್ದು ಹೋಗುವುದಿಲ್ಲ, ಹೊಸ್ತಿಲಲ್ಲಿ ನಿಂತು ಕೇಳುತ್ತಾರೆ: "ಅಕ್ಕಾ, ನಾವೂ ಆ ಕಮಿಟಿಗೆ ಸೇರಬಹುದೇನ್ರಿ? ಅಲ್ಲಿ ಏನ್ ಮಾಡೂದಿರ್ತದ?" ಕಲಬುರಗಿ, ಯಾದಗಿರಿ, ಬೀದರ ಕಡೆಯ ನೆಂಟರು ಫೋನಿನಲ್ಲಿ ಕೇಳುವುದೂ ಇದನ್ನೇ. ಹಾಗೆ ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಸ್‌ಡಿಎಂಸಿ ಅಂದರೆ ಏನು?

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಇದೆ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆಯ ಮೇಲೆ ಶುರುವಾಯಿತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರ 21ನೇ ಕಲಮಿನಲ್ಲಿ ದೇಶದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆಲ್ಲ ಇಂಥದೊಂದು ಸಮಿತಿ ಬೇಕು ಎಂದು ಬರೆದಿದೆ. ಕಾಯ್ದೆ ಹೇಳುವ ಕೆಲಸಗಳು ಮುಖ್ಯವಾಗಿ ಮೂರು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ಪರಿಶೀಲಿಸುವುದು.

ಊರಲ್ಲಿ ಬಹಳ ಜನ ತಿಳಿದಿರುವುದು ಬೇರೆ. ಆಗಸ್ಟ್ 15ಕ್ಕೆ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಬಿಳಿ ಅಂಗಿ ಹಾಕಿಕೊಂಡು ಧ್ವಜದ ಪಕ್ಕ ನಿಲ್ಲುವವರು ಎಸ್‌ಡಿಎಂಸಿಯವರು ಎಂದು. ನಿಲ್ಲಲಿ, ಅದು ಗೌರವದ ಮಾತು. ಆದರೆ ಆ ಎರಡು ದಿನ ಬಿಟ್ಟರೆ ಉಳಿದ ದಿನ ಯಾರೂ ಹಾಯದಿದ್ದರೆ ಸಮಿತಿ ಇದ್ದೂ ಇಲ್ಲದಂತೆ.

ಪೋಷಕರ ಸಭೆ, ತಾಯಂದಿರ ಸಭೆ, 'ಸಮುದಾಯದತ್ತ ಶಾಲೆ' ಎಲ್ಲಾ ಒಂದೇನಾ?

ಬೇರೆ ಬೇರೆ. ಪೋಷಕರ ಸಭೆಗೆ ಎಲ್ಲಾ ತಂದೆ ತಾಯಿಗಳೂ ಹೋಗಬಹುದು, ಸದಸ್ಯರಾಗಬೇಕಿಲ್ಲ. 'ಸಮುದಾಯದತ್ತ ಶಾಲೆ' ಕಾರ್ಯಕ್ರಮದಲ್ಲಿ ಮಕ್ಕಳ ಕಲಿಕೆ ಎಲ್ಲಿಗೆ ಬಂದಿದೆ ಎಂದು ಪಾಲಕರ ಮುಂದೆ ತೋರಿಸುತ್ತಾರೆ. ಸಮಿತಿಯಲ್ಲಿ ಮಾತ್ರ ಆಯ್ಕೆಯಾದವರು ಕೂತು ನಿರ್ಣಯ ಮಾಡುತ್ತಾರೆ. ಇನ್ನೂ ಸದಸ್ಯರಾಗದವರು ಪೋಷಕರ ಸಭೆಯಿಂದಲೇ ಶುರು ಮಾಡಿ. ನಾನೂ ಎರಡು ವರ್ಷ ಹಿಂದಿನ ಸಾಲಿನಲ್ಲಿ ಕೂತು ಕೇಳಿಕೊಂಡೇ ಬಂದವಳು.

ಯಾರು ಸದಸ್ಯರಾಗಬಹುದು? ಆಯ್ಕೆ ಹೇಗೆ ಆಗುತ್ತದೆ?

ಆ ಶಾಲೆಯಲ್ಲಿ ನಿಮ್ಮ ಮಗು ಓದುತ್ತಿರಬೇಕು. ಇಷ್ಟೇ ಮುಖ್ಯವಾದ ಅರ್ಹತೆ. ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಕೊಡಬೇಕು. ಇವು ಕಾಯ್ದೆಯಲ್ಲೇ ಇರುವ ಮಾತು, ಯಾರ ದಯೆಯೂ ಅಲ್ಲ. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ, ಅಧ್ಯಕ್ಷರು ಪೋಷಕರಲ್ಲೇ ಒಬ್ಬರು. ಅವಧಿ ಮೂರು ವರ್ಷ.

ಆಯ್ಕೆಗೆ ಮುಖ್ಯ ಶಿಕ್ಷಕರು ಪೋಷಕರ ಸಭೆ ಕರೆಯುತ್ತಾರೆ. ಹೆಚ್ಚಿನ ಊರುಗಳಲ್ಲಿ ಒಮ್ಮತದಿಂದ ಮುಗಿಯುತ್ತದೆ. ಆ ಒಮ್ಮತ ಎಲ್ಲಿ ಆಯಿತು ಎನ್ನುವುದನ್ನು ನೋಡಬೇಕು. ಹಿಂದಿನ ರಾತ್ರಿ ಕಟ್ಟೆಯ ಮೇಲೆ ನಾಲ್ಕು ಮಂದಿ ಪಕ್ಷದ ಲೆಕ್ಕ ಹಾಕಿ ಹೆಸರು ಬರೆದು, ಬೆಳಿಗ್ಗೆ ಶಾಲೆಯಲ್ಲಿ ಓದಿಸಿದರೆ ಅದನ್ನು ಆಯ್ಕೆ ಎನ್ನಲಾಗದು. ಸಭೆಯ ತಾರೀಖು ಗೊತ್ತಾದ ಕೂಡಲೇ ನಿಮ್ಮ ಓಣಿಯ ಏಳೆಂಟು ತಾಯಂದಿರನ್ನು ಕರೆದುಕೊಂಡು ಹೋಗಿ. ಎದ್ದು ನಿಂತು "ನಾ ತಯಾರದೀನ್ರಿ, ನನ್ನ ಹೆಸರು ಬರ್ಕೊಳ್ರಿ" ಅನ್ನಿ. ನಮ್ಮ ಸಭೆಯಲ್ಲಿ ಹೀಗೆ ಎದ್ದು ಹೇಳಿದ ಮೊದಲ ಹೆಂಗಸು ತಾಂಡಾದವಳು. ಅವಳ ಹಿಂದೆಯೇ ನಾವು ಮೂವರು ಎದ್ದೆವು.

ನನಗೆ ಓದು ಬರಹ ಬರೋದಿಲ್ಲ. ನಾನೂ ಸೇರಬಹುದಾ?

ಖಂಡಿತ ಸೇರಬಹುದು. ನೀವೇ ಸೇರಬೇಕು ಎಂದೂ ಹೇಳುತ್ತೇನೆ. ಮಗು ಹಸಿದು ಬಂತಾ, ಉಂಡು ಬಂತಾ, ಪುಸ್ತಕ ತೆರೆದು ಎಷ್ಟು ದಿನವಾಯಿತು, ಮಳೆ ಬಂದರೆ ಯಾವ ಕೋಣೆ ಸೋರುತ್ತದೆ ಎನ್ನುವುದನ್ನು ತಿಳಿಯಲು ಅಕ್ಷರ ಬೇಕಿಲ್ಲ. ಕಾಗದದ ವಿಷಯ ಬಂದಾಗ "ಓದಿ ಹೇಳ್ರಿ" ಎನ್ನಿ. ಓದಿ ಹೇಳುವುದು ಅವರ ಕೆಲಸ, ಕೇಳುವುದು ನಿಮ್ಮ ಹಕ್ಕು. ಇನ್ನೊಂದು ದಾರಿಯೂ ಇದೆ. ಆರೇಳನೇ ತರಗತಿಯ ಮಗಳಿದ್ದರೆ ಮನೆಯಲ್ಲಿ ಅವಳಿಂದಲೇ ಓದಿಸಿ. ಅವಳ ಓದು ಎಷ್ಟರ ಮಟ್ಟಿಗಿದೆ ಎನ್ನುವುದೂ ಅಲ್ಲೇ ತಿಳಿಯುತ್ತದೆ.

ನನ್ನ ಹೆಸರು ಇರಲಿ, ಸಭೆಗೆ ಯಜಮಾನರು ಹೋಗಿ ಬರಲಿ ಅಂತ ಮನೇಲಿ ಹೇಳ್ತಾರೆ. ನಡೆಯುತ್ತಾ?

ನಡೆಯಬಾರದು. ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಇಟ್ಟದ್ದು ಯಾಕೆ ಎಂದು ನಮ್ಮ ಶಾಲೆಯಲ್ಲಿ ನಾನು ಕಂಡದ್ದನ್ನು ಹೇಳಿದರೆ ತಿಳಿಯುತ್ತದೆ.

ಆರು ಮತ್ತು ಏಳನೇ ತರಗತಿಯ ಹುಡುಗಿಯರು ಮಧ್ಯಾಹ್ನದ ಊಟವಾದ ಮೇಲೆ ಮನೆಗೆ ಹೋದರೆ ಮತ್ತೆ ಶಾಲೆಗೆ ಬರುತ್ತಿರಲಿಲ್ಲ. ಹಾಜರಿ ಬೆಳಿಗ್ಗೆಯೇ ಹಾಕುವುದರಿಂದ ಪುಸ್ತಕದಲ್ಲಿ ಅದು ಕಾಣುತ್ತಿರಲಿಲ್ಲ. ಹಿಂದಿನ ಸಮಿತಿಯ ಗಂಡಸರು "ಹುಡುಗೇರಿಗೆ ಓದೂದು ಬ್ಯಾಸರ" ಎಂದು ಬಿಟ್ಟಿದ್ದರು. ನಾನು ಒಂದು ದಿನ ಶಾಲೆಯ ಹಿಂದಕ್ಕೆ ಹೋಗಿ ನೋಡಿದೆ. ಶೌಚಾಲಯ ಇತ್ತು, ಮೇಲಿನ ಸಿಂಟೆಕ್ಸಿನಲ್ಲಿ ನೀರೂ ಇತ್ತು. ಬಾಗಿಲಿಗೆ ಒಳಗಿನ ಚಿಲಕ ಇರಲಿಲ್ಲ. ಚಿಲಕ ಇದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತು, ಅದರ ಸುತ್ತ ತುಕ್ಕಿನ ಕಲೆ. ಒಬ್ಬ ಹುಡುಗಿ ಹೊರಗೆ ನಿಂತು ಎರಡೂ ಕೈಯಿಂದ ಬಾಗಿಲು ಹಿಡಿದುಕೊಂಡಿದ್ದಳು, ಒಳಗೆ ಅವಳ ಗೆಳತಿ. ನನ್ನ ಕಂಡು ನಾಚಿ ತಲೆ ತಗ್ಗಿಸಿದಳೇ ಹೊರತು ಕೈ ಬಿಡಲಿಲ್ಲ.

ಎರಡು ಚಿಲಕ, ಒಂದು ಮುಚ್ಚಳದ ಬಕೆಟ್, ಮಗ್ಗು. ನಮ್ಮ ಅವಧಿಯ ಮೊದಲ ನಿರ್ಣಯ ಇದೇ. ಶಾಲೆಗೆ ಬರುವ ಅನುದಾನದಲ್ಲಿ ಶೇ 10ರಷ್ಟು ಸ್ವಚ್ಛತೆಗೇ ಎಂದು ಇದೆ, ಹಾಗಾಗಿ ಹಣಕ್ಕೆ ತಡೆಯಾಗಲಿಲ್ಲ. ಮುಂದಿನ ವಾರದಿಂದ ಮಧ್ಯಾಹ್ನವೂ ಹುಡುಗಿಯರು ಕೂರತೊಡಗಿದರು. ಅದಕ್ಕೂ ಮುಂಚೆ ಯಾವ ಮಗಳೂ ಈ ಮಾತನ್ನು ಅಪ್ಪನ ಹತ್ತಿರ ಹೇಳಿರಲಿಲ್ಲ, ಹೇಳುವುದೂ ಇಲ್ಲ. ಯಜಮಾನರು ಹೋಗಿ ಸಹಿ ಮಾಡಿ ಬಂದರೆ ಇಂಥದ್ದು ಯಾರಿಗೂ ತಿಳಿಯದೆ ಉಳಿಯುತ್ತದೆ.

'ಶುಚಿ' ಯೋಜನೆಯ ಮುಟ್ಟಿನ ಪ್ಯಾಡ್ ಶಾಲೆಗೆ ಬಂದಿದೆಯಾ, ಯಾರ ಕೈಯಿಂದ ಕೊಡುತ್ತಾರೆ ಎಂದೂ ಕೇಳಿ. ಗುರುಮಾತೆಯರ ಕೈಯಿಂದ ಕೊಡಿಸಿದರೆ ಹುಡುಗಿಯರು ಇಸಿದುಕೊಳ್ಳುತ್ತಾರೆ.

ಸಂಬಳ, ಭತ್ಯೆ ಏನಾದರೂ?

ಇಲ್ಲ.

ಕೂಲಿ ಬಿಟ್ಟು ಬರಬೇಕಾಗುತ್ತಾ? ಎಷ್ಟು ಹೊತ್ತು ಕೊಡಬೇಕು?

ತಿಂಗಳಿಗೊಂದು ಸಭೆ, ಗಂಟೆ ಒಂದೂವರೆ ಗಂಟೆ. ಅದರ ಜೊತೆ ವಾರಕ್ಕೊಮ್ಮೆ ಅರ್ಧ ಗಂಟೆ ಶಾಲೆಗೆ ಹೋಗಿ ಬಂದರೆ ಸಾಕು. ಸಭೆಯ ವೇಳೆಯನ್ನು ಎಲ್ಲರೂ ಕೇಳಿ ಬದಲಿಸಬಹುದು. ನಮ್ಮಲ್ಲಿ ಮೊದಲು ಬೆಳಿಗ್ಗೆ 11ಕ್ಕೆ ಇಡುತ್ತಿದ್ದರು, ಆ ಹೊತ್ತಿಗೆ ಹೆಣ್ಣಾಳುಗಳೆಲ್ಲ ಹತ್ತಿ ಹೊಲದಲ್ಲಿ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಇಡೋಣ ಎಂದು ಕೇಳಿದೆವು, ಹೆಡ್‌ಮಾಸ್ತರ್ ಒಪ್ಪಿದರು. ಬರುವವರ ಸಂಖ್ಯೆ ಐದರಿಂದ ಹದಿಮೂರಕ್ಕೆ ಏರಿತು. ಎಳ್ಳ ಅಮಾವಾಸ್ಯೆಯ ಆಸುಪಾಸು ಸಭೆ ಇಡಬೇಡಿ. ಭಜ್ಜಿ, ಕಡಬು ಕಟ್ಟಿಕೊಂಡು ಊರಿಗೆ ಊರೇ ಹೊಲದಲ್ಲಿ ಇರುತ್ತದೆ.

ಸಭೆಯಲ್ಲಿ ಏನು ಮಾಡಬೇಕು? ಬರೀ ಸಹಿ ಮಾಡಿ ಬರ್ತೀವಿ.

ನನ್ನ ಮೊದಲ ಸಭೆಯಲ್ಲಿ ಚಹಾ ಬಂತು, ಬಿಸ್ಕಿಟ್ ಬಂತು, ನಡಾವಳಿ ಪುಸ್ತಕ ಬಂತು. ಪುಟದ ಮೇಲ್ಭಾಗ ಖಾಲಿ, ಕೆಳಗೆ ಒಂದರಿಂದ ಹದಿನೆಂಟರವರೆಗೆ ಅಂಕಿ ಹಾಕಿತ್ತು. ಪಕ್ಕದಲ್ಲಿ ನೀಲಿ ಇಂಕಿನ ಪ್ಯಾಡ್. ನನಗಿಂತ ಮುಂಚೆ ಕೂತಿದ್ದ ಇಬ್ಬರು ಹೆಬ್ಬೆಟ್ಟು ಒತ್ತಿ, ಸೆರಗಿಗೆ ಬೆರಳು ಒರೆಸಿಕೊಂಡು ಪುಸ್ತಕ ನನ್ನ ಕಡೆ ಸರಿಸಿದರು. ಮೇಲೆ ಏನು ಬರೆಯುತ್ತೀರಿ ಎಂದು ಕೇಳಿದೆ. "ಆಮ್ಯಾಲ ಬರೀತೀವ್ರಿ ಅಕ್ಕೋರೆ, ಪ್ರತಿ ಸಲ ಹಂಗೇ ಮಾಡೂದು" ಎಂದರು. ಮೊದಲು ಬರೆದು ಓದಿರಿ, ಆಮೇಲೆ ಮಾಡುತ್ತೇನೆ ಎಂದೆ. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಿರಿಯ ಶಿಕ್ಷಕರೊಬ್ಬರು ಪೆನ್ನು ತೆಗೆದು ಬರೆಯಲು ಕೂತರು. ಅಂದಿನಿಂದ ನಮ್ಮ ಅವಧಿ ಮುಗಿಯುವತನಕ ನಿರ್ಣಯ ಬರೆದು ಗಟ್ಟಿಯಾಗಿ ಓದಿದ ಮೇಲೆಯೇ ಸಹಿ ಆಯಿತು.

ಸದಸ್ಯರಾಗುವ ಎಲ್ಲರಿಗೂ ಒಂದೇ ಒಂದು ಮಾತು ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ: ಖಾಲಿ ಹಾಳೆಗೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ನಡಾವಳಿಯಲ್ಲಿ ಇದ್ದದ್ದೇ ಮುಂದೆ ದಾಖಲೆ. ನೀವು ಬಾಯಲ್ಲಿ ಎಷ್ಟು ಹೇಳಿದರೂ ಅಲ್ಲಿ ಬರೆಯದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಅದಕ್ಕೆ ಬೆಲೆ ಇಲ್ಲ. ಪ್ರತಿ ಸಭೆಯ ಶುರುವಿಗೆ ಹಿಂದಿನ ಸಭೆಯ ನಿರ್ಣಯ ಓದಿಸಿ, ಯಾವುದು ಆಯಿತು, ಯಾವುದು ಆಗಿಲ್ಲ ಎಂದು ಕೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಶಾಲೆಗೆ ಹಣ ಎಷ್ಟು ಬರುತ್ತದೆ? ಅದು ಯಾರ ಕೈಯಲ್ಲಿರುತ್ತದೆ?

ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, ಅದಕ್ಕಿಂತ ಹೆಚ್ಚಿದ್ದು 1,000ದ ಒಳಗಿದ್ದರೆ 75,000 ಎಂದು ಯೋಜನೆಯ ಚೌಕಟ್ಟಿನಲ್ಲಿದೆ. ಸೀಮೆಸುಣ್ಣ, ಕರೆಂಟ್ ಬಿಲ್, ಸಣ್ಣಪುಟ್ಟ ದುರಸ್ತಿ, ಸುಣ್ಣಬಣ್ಣ ಎಲ್ಲಾ ಇದರಲ್ಲೇ ಆಗಬೇಕು. ಶೂ ಮತ್ತು ಸಾಕ್ಸಿನ ಹಣ ಬೇರೆ ಬರುತ್ತದೆ. ಅದನ್ನು ಕೊಳ್ಳುವುದು ಶಾಲೆಯ ಮಟ್ಟದಲ್ಲೇ, ಸಮಿತಿಯ ಮೂಲಕ. ಅಂಗಡಿಯಿಂದ ದರಪಟ್ಟಿ ತರಿಸುವಾಗ ಮಾದರಿ ಜೋಡಿಯನ್ನೂ ತರಿಸಿ, ಅಡಿಯನ್ನು ಕೈಯಿಂದ ಬಗ್ಗಿಸಿ ನೋಡಿ. ನಮ್ಮ ಎರೆಭೂಮಿಯ ಕೆಸರಿನಲ್ಲಿ ಬರೀ ಅಂಟು ಹಚ್ಚಿದ ಶೂ ಒಂದು ಮಳೆಗಾಲ ತಾಳುವುದಿಲ್ಲ, ಹೊಲಿಗೆ ಹಾಕಿದ್ದು ಬೇಕು.

ಸಮಿತಿಯ ಖಾತೆ ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಹೆಸರಿನಲ್ಲಿರುತ್ತದೆ. ಸದಸ್ಯರು ಲೆಕ್ಕ ಕೇಳಬಹುದು, ಕೇಳಬೇಕು. ಕೇಳುವ ರೀತಿ ಮಾತ್ರ ಸರಿ ಇರಲಿ. ಒಮ್ಮೆ ನಾನು "ಅನುದಾನ ಎಲ್ಲಿ ಹೋಯ್ತ್ರಿ ಸರ್?" ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಹೆಡ್‌ಮಾಸ್ತರ್ ಎದ್ದು ಕಪಾಟಿನಿಂದ ಒಂದು ಉದ್ದನೆಯ ಚೀಟಿ ತಂದರು, ಕಿರಾಣಿ ಅಂಗಡಿಯ ಉದ್ರಿ ಲೆಕ್ಕ. ಫಿನಾಯಿಲ್, ಕಸಬರಿಗೆ, ಹಾಜರಿ ಪುಸ್ತಕ, ಬಲ್ಬು. ಫೆಬ್ರವರಿ ಬಂದರೂ ಹಣ ಬಂದಿರಲಿಲ್ಲ. ಎಂಟು ತಿಂಗಳಿಂದ ಅವರು ತಮ್ಮ ಕಿಸೆಯಿಂದ, ಉದ್ರಿಯಿಂದ ಶಾಲೆ ನಡೆಸುತ್ತಿದ್ದರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆ ದಿನವೇ ಅನುದಾನ ಬೇಗ ಬಿಡುಗಡೆ ಮಾಡಬೇಕೆಂದು ಸಮಿತಿಯಿಂದ ಅರ್ಜಿ ಬರೆದು ನಾಲ್ಕು ಮಂದಿ ಜೇವರ್ಗಿಗೆ ಹೋಗಿ ಕೊಟ್ಟು ಬಂದೆವು. ಲೆಕ್ಕ ಕೇಳಿದ್ದರಿಂದ ನನಗೂ ಅವರಿಗೂ ಮನಸ್ತಾಪ ಆಗಲಿಲ್ಲ, ಅಲ್ಲಿಂದಲೇ ಸಲಿಗೆ ಬೆಳೆಯಿತು.

ಬಿಸಿಯೂಟ ನೋಡಿಕೊಳ್ಳೋದು ನಮ್ಮ ಕೆಲಸಾನಾ?

ಹೌದು. ನಮ್ಮ ಭಾಗದವರು ಇದನ್ನು ಹೆಚ್ಚು ಅಕ್ಕರೆಯಿಂದ ನೋಡಬೇಕು. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ಕಲಬುರಗಿ, ಬೀದರ ಸೇರಿದ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ. ಯಾದಗಿರಿ ಆಗ ಕಲಬುರಗಿ ಜಿಲ್ಲೆಯಲ್ಲೇ ಇತ್ತು. ಮೊಟ್ಟೆಯೂ ಹಾಗೆಯೇ, 2021ರ ಡಿಸೆಂಬರ್‌ನಲ್ಲಿ ಮೊದಲು ಈ ಕಡೆಯ ಮಕ್ಕಳ ತಟ್ಟೆಗೆ ಬಂದು ಆಮೇಲೆ ರಾಜ್ಯಕ್ಕೆಲ್ಲ ಹೋಯಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಏನು ನೋಡಬೇಕು? ಮೊದಲು ಅಳತೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟನೆಯವರಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಇದು ಬಾಯಿಪಾಠ ಆಗಲಿ.

ನಮ್ಮ ಶಾಲೆಯಲ್ಲಿ ಸಾರು ತೆಳ್ಳಗೆ ಇರುತ್ತದೆ ಎಂದು ಮಕ್ಕಳು ಹೇಳುತ್ತಿದ್ದರು. ಊರವರು ಅಡುಗೆ ಮಾಡುವ ಹೆಂಗಸಿನ (ನಮ್ಮ ಕಡೆ 'ಬಾಯಿ' ಎನ್ನುತ್ತೇವೆ) ಮೇಲೆ ಅನುಮಾನ ಪಟ್ಟರು, ಕೆಲವರು ಮುಖದ ಮೇಲೆ ಅಂದೂ ಬಿಟ್ಟರು. ಒಂದು ದಿನ ನಾನು ಬೇಳೆ ಅಳೆಯುವ ಹೊತ್ತಿಗೆ ಹೋದೆ. ಅವತ್ತು ಚಿಕ್ಕವರು 62, ದೊಡ್ಡವರು 48. ಲೆಕ್ಕದಂತೆ 2 ಕಿಲೋ 680 ಗ್ರಾಂ ಬೇಳೆ ಬೇಕು. ಒಂದು ಸ್ಟೀಲ್ ಡಬ್ಬಿಯಿಂದ ಮೂರು ಸಲ ತುಂಬಿ ಹಾಕಿದರು. ಡಬ್ಬಿ ಎಂದರೆ ಒಂದು ಕಿಲೋ ಎಂದು ಎಷ್ಟೋ ವರ್ಷದಿಂದ ನಂಬಿಕೆ. ಡಬ್ಬಿಯ ಒಂದು ಮಗ್ಗುಲು ನೆಗ್ಗಿ ಒಳಗೆ ಹೋಗಿತ್ತು. ಅದನ್ನು ಬೇಳೆಯ ಸಮೇತ ಎದುರಿನ ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಗೆ ಇಟ್ಟೆವು. ಡಬ್ಬಿಯ ತೂಕ ಕಳೆದರೆ ಬೇಳೆ 800 ಗ್ರಾಂ. ಮೂರು ಡಬ್ಬಿಗೆ 2 ಕಿಲೋ 400. ದಿನಾ ಕಾಲು ಕಿಲೋಗಿಂತ ಹೆಚ್ಚು ಬೇಳೆ ತಪ್ಪುತ್ತಿತ್ತು, ಯಾರೂ ಕದ್ದಿರಲಿಲ್ಲ. ಆ ಬಾಯಿ ತಕ್ಕಡಿಯ ಅಂಕಿ ನೋಡಿ ಅಲ್ಲೇ ಕಟ್ಟೆಯ ಮೇಲೆ ಕೂತು ಕಣ್ಣೀರು ಹಾಕಿದಳು. ಅಂದವರು ಆಮೇಲೆ ಬಂದು "ತಪ್ಪಾಯ್ತವ್ವಾ" ಎಂದರು. ಸಮಿತಿಯಿಂದ ಒಂದು ತೂಕದ ಮಷಿನ್ ತಂದೆವು.

ಊಟ ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಬೇಕು, ಪಾಲಕರೂ ಸರದಿಯಂತೆ ನೋಡಬಹುದು. ತಾಯಂದಿರ ಸರದಿ ಪಟ್ಟಿ ಮಾಡಿ ಅಡುಗೆ ಕೋಣೆಯ ಬಾಗಿಲಿಗೆ ಅಂಟಿಸಿ. ಉಂಡು ನೋಡಿದವರು ರುಚಿ ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯಿರಿ. 'ಚೆನ್ನಾಗಿದೆ' ಎಂಬ ಒಂದೇ ಪದ ನೂರು ಸಾಲು ತುಂಬಿದ ಪುಸ್ತಕದಿಂದ ಯಾರಿಗೂ ಏನೂ ತಿಳಿಯದು.

ಮಕ್ಕಳು ಶಾಲೆ ಬಿಡ್ತಾರೆ. ನಾವು ಏನು ಮಾಡಲಿಕ್ಕಾಗುತ್ತದೆ?

ಇದು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದಲ್ಲಿ ಕೊನೆಯ ಸ್ಥಾನ ಯಾದಗಿರಿ, ಶೇ 50.59. 2025ರಲ್ಲಿ ಕೊನೆಯ ಸ್ಥಾನ ನಮ್ಮ ಕಲಬುರಗಿ, ಶೇ 42.43. ಅದೇ ವರ್ಷ ದಕ್ಷಿಣ ಕನ್ನಡ ಶೇ 91ರ ಮೇಲೆ. ಪ್ರತಿ ಸಲ ಫಲಿತಾಂಶ ಬಂದಾಗ ಹತ್ತನೇ ತರಗತಿಯ ಶಿಕ್ಷಕರನ್ನು ಬೈಯುತ್ತೇವೆ. ನಾಲ್ಕನೇ ತರಗತಿಯಲ್ಲಿ ನವೆಂಬರ್‌ನಿಂದ ಜನವರಿಯವರೆಗೆ ಹತ್ತಿ ಬಿಡಿಸಲು, ತೊಗರಿ ರಾಶಿಗೆ ಹೋದ ಮಗು ಭಾಗಾಕಾರ ಕಲಿಯಲೇ ಇಲ್ಲ. ಆ ಮಗು ಹತ್ತನೇ ತರಗತಿಗೆ ಬಂದಾಗ ಮಾಸ್ತರು ಒಂದು ವರ್ಷದಲ್ಲಿ ಏನು ಮಾಡಿಯಾರು? ಎಸ್ಸೆಸ್ಸೆಲ್ಸಿಯ ಕೆಲಸ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕದಿಂದಲೇ ಶುರುವಾಗುತ್ತದೆ.

ನಾವು ಮಾಡಿದ್ದು ಇಷ್ಟು. ದೀಪಾವಳಿ ಆದ ಮೇಲೆ ಪ್ರತಿ ಸೋಮವಾರ ಹಾಜರಿ ನೋಡಿ, ಒಂದು ವಾರ ಬರದ ಮಕ್ಕಳ ಹೆಸರು ಬರೆದುಕೊಂಡೆವು. ಮೊದಲ ಪಟ್ಟಿಯಲ್ಲಿ 14 ಮಕ್ಕಳು. ಓಣಿಗೆ ಇಬ್ಬರಂತೆ ಹಂಚಿಕೊಂಡು ಮನೆಗೆ ಹೋದೆವು. ಐದನೆಯ ತರಗತಿಯ ಒಬ್ಬ ಹುಡುಗಿ ಹೊಲದಲ್ಲಿ ಸಿಕ್ಕಳು. ಬೇವಿನ ಮರಕ್ಕೆ ಸೀರೆಯ ತೊಟ್ಟಿಲು ಕಟ್ಟಿತ್ತು, ಒಳಗೆ ಒಂದೂವರೆ ವರ್ಷದ ತಮ್ಮ. ಇವಳು ಒಂದು ಕೈಯಲ್ಲಿ ಹಗ್ಗ ಜಗ್ಗುತ್ತ, ಇನ್ನೊಂದು ಕೈಯಲ್ಲಿ ಕಡ್ಡಿ ಹಿಡಿದು ನೆಲದ ಮೇಲೆ ತನ್ನ ಹೆಸರು ಬರೆಯುತ್ತಿದ್ದಳು. ತಾಯಿ ಸಾಲಿನ ಆ ತುದಿಯಲ್ಲಿ ಹತ್ತಿ ಬಿಡಿಸುತ್ತಿದ್ದಳು. "ಕೂಸಿನ್ನ ಯಾರ ಹಂತೇಲಿ ಬಿಡ್ಲವ್ವಾ?" ಎಂದಳು. ನ್ಯಾಯವಾದ ಪ್ರಶ್ನೆಯೇ. ಅಂಗನವಾಡಿಗೆ ಮೂರು ವರ್ಷ ತುಂಬಬೇಕು. ಆದರೆ ನಮ್ಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ತೆರೆದಿತ್ತು, ಕೂಲಿಗೆ ಹೋಗುವವರ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ. ಆ ತಾಯಿಗೆ ಅದು ಇದೆ ಎಂದೇ ತಿಳಿದಿರಲಿಲ್ಲ. ಮರುದಿನ ಕೂಸು ಅಲ್ಲಿಗೆ, ಅಕ್ಕ ಶಾಲೆಗೆ.

ಹದಿನಾಲ್ಕರಲ್ಲಿ ಒಂಬತ್ತು ಮಕ್ಕಳು ಮರಳಿದರು. ಮೂವರು ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋದ ತಂದೆ ತಾಯಿಯ ಹಿಂದೆ ಹೋಗಿಬಿಟ್ಟಿದ್ದರು. ಅವರ ಎಸ್‌ಎಟಿಎಸ್ ಸಂಖ್ಯೆ (ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಬರೆದು ಫೋನಿನಲ್ಲಿ ಕಳಿಸಿ, ಅಲ್ಲಿಯ ಸರ್ಕಾರಿ ಶಾಲೆಗೆ ಹೋಗಿ ಇದನ್ನು ತೋರಿಸಿ ಎಂದು ಹೇಳಿದೆವು. ಒಬ್ಬರು ಸೇರಿಸಿದರು. ಇನ್ನಿಬ್ಬರ ಫೋನ್ ಆಮೇಲೆ ಹತ್ತಲೇ ಇಲ್ಲ. ಊರಲ್ಲೇ ಉಳಿದ ಇಬ್ಬರು ಎಷ್ಟು ಸಲ ಹೋಗಿ ಕರೆದರೂ ಬರಲಿಲ್ಲ. ಈಗಲೂ ಆ ಹೆಸರುಗಳು ನನ್ನ ನೋಟ್‌ಬುಕ್ಕಿನಲ್ಲಿವೆ.

ಪೋಷಕರಿಂದ ದುಡ್ಡು ಎತ್ತಬಹುದಾ?

ಕಡ್ಡಾಯವಾಗಿ ಎತ್ತುವಂತಿಲ್ಲ. ಪ್ರಾಥಮಿಕ ಶಿಕ್ಷಣ ಉಚಿತ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಒಂದು ಸುತ್ತೋಲೆ ಬಂದಿತ್ತು. ವಿರೋಧ ಬಂದ ಕೂಡಲೇ ಸರ್ಕಾರ ಅದನ್ನು ವಾಪಸ್ ಪಡೆಯಿತು. ಮನಸಾರೆ ಕೊಡುವವರು ಕೊಡಲಿ, ರಸೀದಿ ಕೊಟ್ಟು ಖಾತೆಗೇ ಹಾಕಿಸಿ. ಯಾವ ಮಗುವಿನ ಮುಂದೆಯೂ "ನಿಮ್ಮಪ್ಪ ಕೊಟ್ಟಿಲ್ಲ" ಎಂಬ ಮಾತು ಬರಬಾರದು. ದುಡ್ಡಿಲ್ಲದವರು ಬೇರೆ ತರದಲ್ಲಿ ಕೊಡುತ್ತಾರೆ. ನಮ್ಮೂರಲ್ಲಿ ಒಬ್ಬ ಕಾಕಾ ಏಪ್ರಿಲ್ ಬಿಸಿಲಿನಲ್ಲಿ ದಿನಾ ಎರಡು ಕೊಡ ನೀರು ತಂದು ಶಾಲೆಯ ಮಡಕೆ ತುಂಬಿಸುತ್ತಿದ್ದರು.

ಶಿಕ್ಷಕರ ಮೇಲೆ ನಮಗೆ ಅಧಿಕಾರ ಇದೆಯಾ?

ಶಿಕ್ಷಕರು ಸಮಯಕ್ಕೆ ಬರುತ್ತಾರಾ, ಪಾಠ ನಡೆಯುತ್ತಿದೆಯಾ ಎಂದು ನೋಡಬಹುದು, ಕೇಳಬಹುದು. ಪಾಲಕರ ಜೊತೆ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆ ತಿಳಿಸುವುದು ಕಾಯ್ದೆಯ ಪ್ರಕಾರ ಶಿಕ್ಷಕರ ಕರ್ತವ್ಯ. ಆದರೆ ಅವರಿಗೆ ಶಿಸ್ತುಕ್ರಮ, ವರ್ಗಾವಣೆ ಮಾಡುವುದು ಇಲಾಖೆ. ಪಾಠ ನಡೆಯುವಾಗ ತರಗತಿಯೊಳಗೆ ನುಗ್ಗಿ ಮಕ್ಕಳ ಮುಂದೆ ಪ್ರಶ್ನೆ ಕೇಳುವುದು ಬಹಳ ಕೆಟ್ಟ ಪದ್ಧತಿ, ಅದನ್ನು ಮಾಡಬೇಡಿ.

ಶಿಕ್ಷಕರ ಕಷ್ಟವನ್ನೂ ನೋಡಿ. 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 120ರವರೆಗೆ ನಾಲ್ವರು ಎಂದು ಒಂದರಿಂದ ಐದನೇ ತರಗತಿಗೆ ಕಾಯ್ದೆಯಲ್ಲಿ ಲೆಕ್ಕ ಇದೆ. ನಿಮ್ಮಲ್ಲಿ ಎಷ್ಟಿದ್ದಾರೆ ಎಣಿಸಿ. ಕಡಿಮೆ ಇದ್ದರೆ ಅತಿಥಿ ಶಿಕ್ಷಕರನ್ನು ಕೊಡಿ ಎಂದು ಸಮಿತಿ ನಿರ್ಣಯ ಮಾಡಿ ಬಿಇಒ ಅವರಿಗೆ ಕೊಡಬಹುದು.

ಪ್ರಶ್ನೆ ಕೇಳಿದರೆ ಮಾಸ್ತರು ನನ್ನ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡರೆ?

ಈ ಅಂಜಿಕೆ ಎಲ್ಲಾ ತಾಯಂದಿರಿಗೂ ಇದೆ, ನನಗೂ ಇತ್ತು. ಒಬ್ಬರೇ ಹೋಗಬೇಡಿ, ನಾಲ್ಕು ಮಂದಿ ಹೋಗಿ. ನಿಮ್ಮ ಮಗುವಿನ ಮಾತು ಎತ್ತದೆ, ತರಗತಿಯ ಎಲ್ಲಾ ಮಕ್ಕಳ ಮಾತು ಎತ್ತಿ. ಮೊದಲ ಸಲ ಹೋದಾಗ ದೂರಿನೊಂದಿಗೆ ಹೋಗಬೇಡಿ, ಏನಾದರೂ ಸಹಾಯ ಬೇಕಾ ಎಂದು ಕೇಳಿ ಬನ್ನಿ. ಪರಿಚಯ ಆದ ಮೇಲೆ ಹೇಳಿದ ದೂರು ಬೇಗ ಮುಟ್ಟುತ್ತದೆ.

ಹೊಡೆತದ ವಿಷಯ ಬೇರೆ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡೂ 17ನೇ ಕಲಮಿನಲ್ಲಿ ನಿಷೇಧ. ಅದರಲ್ಲಿ ರಾಜಿ ಬೇಡ. ಮಗುವಿಗೆ ಲೈಂಗಿಕ ಕಿರುಕುಳ ಆಗಿದೆ ಎಂದು ಗೊತ್ತಾದರೆ ಸಭೆ ಕರೆದು ಚರ್ಚೆ ಮಾಡುತ್ತ ಕೂರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಪೊಲೀಸರಿಗೆ ತಿಳಿಸಿ. ಪೋಕ್ಸೊ ಕಾಯ್ದೆಯಡಿ ಗೊತ್ತಿದ್ದೂ ಮುಚ್ಚಿಡುವುದೇ ಅಪರಾಧ. ಊರಿನ ಮರ್ಯಾದೆ ಎಂದು ಯಾರಾದರೂ ತಡೆದರೆ ಅವರ ಮಾತು ಕೇಳಬೇಡಿ.

ನಮ್ಮದು ಉರ್ದು ಶಾಲೆ. ನಿಯಮ ಬೇರೆನಾ?

ಒಂದೇ. ಉರ್ದು, ಮರಾಠಿ, ಕನ್ನಡ ಯಾವ ಮಾಧ್ಯಮದ ಸರ್ಕಾರಿ ಶಾಲೆಯಾದರೂ ಸಮಿತಿ ಇದೇ. ಬೀದರ, ಆಳಂದ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಹೀಗೆ ಮನೆಮಾತು ಬೇರೆ ಬೇರೆ ಇರುತ್ತದೆ. ಸಭೆಯಲ್ಲಿ ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಇನ್ನೊಮ್ಮೆ ಹೇಳಿಸಿ.

ಖಾಸಗಿ ಶಾಲೆಯಲ್ಲಿ?

ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ 21ನೇ ಕಲಂ ಅನ್ವಯಿಸುವುದಿಲ್ಲ. ಅಲ್ಲಿ ಪಾಲಕ-ಶಿಕ್ಷಕರ ಸಂಘ ಇದ್ದರೆ ಅದರ ನಿಯಮ ಶಾಲೆಯಲ್ಲೇ ಕೇಳಿ ತಿಳಿಯಿರಿ.

ನನಗೆ ಶಾಲೆಗೆ ಹೋಗುವ ಮಗು ಇಲ್ಲ, ಆದರೆ ಅದೇ ಶಾಲೆಯಲ್ಲಿ ಓದಿದವನು. ಏನು ಮಾಡಬಹುದು?

ಪೋಷಕ ಸದಸ್ಯರಾಗಲಾರಿರಿ. ಕೆಲಸಕ್ಕೇನೂ ಕಮ್ಮಿ ಇಲ್ಲ. ಕಲಬುರಗಿಯಲ್ಲಿ ಡಿಗ್ರಿ ಓದುತ್ತಿರುವ ನಮ್ಮೂರಿನ ಹುಡುಗನೊಬ್ಬ ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ಭಾನುವಾರ ಏಳನೆಯವರಿಗೆ ಗಣಿತ ಹೇಳಿಕೊಡುತ್ತಿದ್ದ. ಇನ್ನೊಬ್ಬರು ಎಲೆಕ್ಟ್ರಿಷಿಯನ್, ರಜೆಯಲ್ಲಿ ಬಂದು ಫ್ಯಾನುಗಳನ್ನೆಲ್ಲ ಸರಿ ಮಾಡಿ ಹೋದರು. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಬನ್ನಿ. ಮಕ್ಕಳು ಅಲ್ಲಿ ತಾವೇ ಎದ್ದು ನಿಂತು ಕೇಳುತ್ತಾರೆ, ಅದು ನಡಾವಳಿಗೆ ಹೋಗುವಂತೆ ನೋಡಿಕೊಳ್ಳಲು ದೊಡ್ಡವರು ಬೇಕು.

ಲೆಕ್ಕವನ್ನೇ ತೋರಿಸುವುದಿಲ್ಲ ಎಂದರೆ?

ಸಭೆಯಲ್ಲಿ ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಆಮೇಲೆ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಮೂಹ ಸಂಪನ್ಮೂಲ ವ್ಯಕ್ತಿ), ಆಮೇಲೆ ಬಿಇಒ. ಅಲ್ಲಿಯೂ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಇದ್ದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು.

ಮಗು ಏಳನೇ ಮುಗಿಸಿ ಬೇರೆ ಶಾಲೆಗೆ ಹೋದರೆ ಸದಸ್ಯತ್ವ ಇರುತ್ತದಾ?

ಇರುವುದಿಲ್ಲ. ನನ್ನ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ, ಅಲ್ಲಿಯೂ ಸಮಿತಿ ಇದೆ, ಅಲ್ಲಿಯ ಪೋಷಕರ ಸಭೆಗೆ ಹೋಗುತ್ತಿದ್ದೇನೆ. ಹಳೆಯ ಶಾಲೆಯಲ್ಲಿ ನನ್ನ ಜಾಗಕ್ಕೆ ಬಂದವಳು ತಾಂಡಾದ ಇನ್ನೊಬ್ಬ ತಾಯಿ, ಅವಳ ಮಗ ಎರಡನೆಯ ತರಗತಿ. ಬ್ಲೌಸ್ ಇಸಿದುಕೊಳ್ಳಲು ಬಂದಾಗ ನನ್ನ ನೋಟ್‌ಬುಕ್ಕಿನಿಂದ ಊಟದ ಅಳತೆ, ಅನುದಾನದ ಅಂಕಿ ಎಲ್ಲಾ ಅವಳ ಪುಸ್ತಕಕ್ಕೆ ಬರೆಸಿದೆ. ಕೊನೆಗೆ ಆ ಇಬ್ಬರು ಮಕ್ಕಳ ಹೆಸರನ್ನೂ ಬರೆದುಕೋ ಎಂದೆ. ಬರೆದುಕೊಂಡು, ಅವರ ಮನೆ ಯಾವ ಓಣಿಯಲ್ಲಿದೆ ಎಂದು ಕೇಳಿದಳು.